ಮಂಗಳವಾರದ ಮಂತ್ರಿಗಳು

ಎದುರಿಗೆ ಮೂರು ಜನ ಸೇರಿದರೆ ನನ್ನ ಧ್ವನಿ ಎಲ್ಲಿಗೆ ಹೋಗುತ್ತದೆಯೋ ನನಗೆ ತಿಳಿಯದು. ಒಬ್ಬಳೇ ಇದ್ದಾಗ ಇರುತ್ತದೆ. ಬಾವಿಯ ಹತ್ತಿರ, ತುಳಸಿಕಟ್ಟೆಯ ಮುಂದೆ, ಡೈರಿ ಬರೆಯುತ್ತ ಗುನುಗಿಕೊಳ್ಳುವಾಗ ಚೆನ್ನಾಗಿಯೇ ಇರುತ್ತದೆ. ಯಾರಾದರೂ "ಏನಮ್ಮ ಆಂಡಾಳ್, ಸೌಖ್ಯವೇ?" ಎಂದರೆ ಮಾತ್ರ ತಲೆಯಾಡಿಸುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಮೈಸೂರಿನಲ್ಲಿ ಬಿ.ಎ. ಓದಿದಷ್ಟು ಕಾಲವೂ ಹಾಜರಿ ಕೂಗಿದಾಗ ನನ್ನ ಪರವಾಗಿ ಪಕ್ಕದವಳೇ "ಪ್ರೆಸೆಂಟ್" ಅನ್ನುತ್ತಿದ್ದಳು. ನಾನು ಜ್ವರ ಬಂದು ಮಲಗಿದ ದಿನಗಳಲ್ಲೂ ಅಭ್ಯಾಸಬಲದಿಂದ ಹಾಗೇ ಅಂದದ್ದರಿಂದ, ಒಂದು ದಿನವೂ ತಪ್ಪಿಸದ ವಿದ್ಯಾರ್ಥಿನಿ ಎಂದು ನನಗೆ ಬಹುಮಾನ ಬಂತು. ಅದನ್ನು ತೆಗೆದುಕೊಳ್ಳಲು ವೇದಿಕೆಗೂ ಅವಳೇ ಹೋದಳು.

ಇಂಥವಳು ಸ್ಕೂಲಿನಲ್ಲಿ ಮೇಡಂ ಆಗುವುದು ಹೇಗೆ? ಈ ಪ್ರಶ್ನೆಯನ್ನು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ! ಆದರೆ ಆಗಬೇಕೆಂಬ ಆಸೆಯಂತೂ ಇತ್ತು. ನಮ್ಮ ಮಳವಳ್ಳಿಯಲ್ಲಿ ಹೆಣ್ಣುಮಕ್ಕಳ ಓದು ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದಕ್ಕೆ ಗಂಡುಹುಡುಗರ ಮಿಡ್ಲ್ ಸ್ಕೂಲು. ಅಲ್ಲಿಗೆ ಯಾವ ತಾಯಿತಂದೆಯೂ ಮಗಳನ್ನು ಕಳಿಸರು. ನಾನು ಮುಂದೆ ಓದಿದ್ದು ಮೈಸೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು. ಓದು ಮುಗಿದ ಕೆಲವು ಹುಡುಗಿಯರು ಮಧ್ಯಾಹ್ನ ನಮ್ಮ ಜಗಲಿಗೆ ಪಾಠಕ್ಕೆ ಬಂದು ಕೂರುತ್ತಿದ್ದರು. ಅವರು ನನಗಿಂತ ಪುಕ್ಕಲರಾದ್ದರಿಂದ ಅವರೆದುರು ನನ್ನ ಧ್ವನಿ ಅಷ್ಟಿಷ್ಟು ಹೊರಡುತ್ತಿತ್ತು.

ಅಪ್ಪ ಮಾತ್ರ, "ಮಗಳು ಪರಸ್ಥಳಕ್ಕೆ ಹೋಗಿ ಕೆಲಸ ಮಾಡಕೂಡದು. ಈ ಊರಲ್ಲೇ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು ಬಂದರೆ ಧಾರಾಳವಾಗಿ ಹೋಗಲಿ" ಎಂದಿದ್ದರು. ಊರಿಗೆ ಸಮುದ್ರ ಬಂದರೆ ಧಾರಾಳವಾಗಿ ಈಜಲಿ ಎನ್ನುವ ಧಾಟಿಯಲ್ಲಿ.

ಅಪ್ಪ, ಎಂದರೆ ರಾಮಾನುಜಯ್ಯಂಗಾರ್ಯರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೆಟ್ಟವರಲ್ಲ. ಯಾವ ವಿಷಯ ಬಂದರೂ ಅದರೊಳಗೆ ತಮಗೊಂದು ಮಣೆ ಹಾಕಿಕೊಂಡು ಕೂರದಿದ್ದರೆ ಅವರಿಗೆ ಸಮಾಧಾನವಿಲ್ಲ, ಅಷ್ಟೇ. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದ ಹೊಸತು ಅದು. ದಿನವೂ ಕಾಫಿ ಹೋಟೆಲಿನಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ರಾಜ್ಯಭಾರ ಮಾಡುವುದು ನಡೆದಿತ್ತು. ಒಂದು ಬೆಳಿಗ್ಗೆ ಹೊಸ ವಿದ್ಯಾಮಂತ್ರಿಗಳಾದ ಶ್ರೀರಂಗಯ್ಯನವರ ವಿಷಯ ಬಂತು: ಬಾಲ್ಯದಲ್ಲಿ ಅವರು ಕೆಲಕಾಲ ಮಳವಳ್ಳಿಯಲ್ಲಿ ವ್ಯಾಸಂಗ ಮಾಡಿದ್ದರಂತೆ. ಅಷ್ಟರಲ್ಲಿ ಇನ್ನೊಬ್ಬರು ತಮ್ಮ ಅಳಿಯ ಮಂಡ್ಯದ ಸ್ಟೇಷನ್ನಿನಲ್ಲಿ ಆ ಮಂತ್ರಿಗಳನ್ನು ಕಣ್ಣಾರೆ ನೋಡಿದ ಎಂದರು. ಅಪ್ಪನಿಗೆ ತಡೆಯಲಾಗಲಿಲ್ಲ.

"ಯಾರು, ನಮ್ಮ ಶ್ರೀರಂಗನೇ? ಮಂಗಳವಾರ ಅವನ ವಾರ ನಮ್ಮ ಮನೆಯಲ್ಲೇ ಅಲ್ಲವೇ ಇದ್ದದ್ದು!"

ಬಡ ವಿದ್ಯಾರ್ಥಿಗಳು ಏಳು ಮನೆ ಗೊತ್ತುಮಾಡಿಕೊಂಡು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿ ನಮ್ಮ ಅಗ್ರಹಾರದಲ್ಲಿ ಹಿಂದಿನಿಂದಲೂ ಇತ್ತು. ಆದರೆ ಅಪ್ಪನಿಗೂ ಮಂಗಳವಾರದ ಆ ಮಾತಿಗೂ ಅದಕ್ಕೆ ಮೊದಲು ಪರಿಚಯವಿರಲಿಲ್ಲ. ಇಬ್ಬರೂ ಅಲ್ಲೇ ಹೋಟೆಲಿನಲ್ಲಿ ಭೇಟಿಯಾದವರು. ಶ್ರೀರಂಗ ಎಂಬ ಹೆಸರಿದ್ದ ಮೇಲೆ ನಮ್ಮವನೇ ಇರಬೇಕು, ನಮ್ಮವನಾದ ಮೇಲೆ ನಮ್ಮ ಬೀದಿಯಲ್ಲೇ ಉಂಡಿರಬೇಕು, ನಮ್ಮ ಬೀದಿಯಲ್ಲಿ ಉಂಡ ಮೇಲೆ ನಮ್ಮ ಮನೆ ಏನು ಪಾಪ ಮಾಡಿತ್ತು, ಇದು ಅವರ ತರ್ಕ.

ಅಪ್ಪ ಮನೆ ಸೇರುವುದರೊಳಗೆ ಸುದ್ದಿ ಸೇರಿತ್ತು. ಎದುರುಮನೆಯ ಹೊಂಬಾಳಮ್ಮ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ಮಂಗಳವಾರ ನಿಮ್ಮದಾದರೆ ಆಗಲಿ, ನಾನು ಬೇಡ ಅನ್ನುವುದಿಲ್ಲ. ಗುರುವಾರ ನಮ್ಮದು. ನಮ್ಮತ್ತೆ ಕೈಯಾರೆ ಪುಳಿಯೋಗರೆ ಕಲಸಿ ಹಾಕುತ್ತಿದ್ದರಂತೆ. ಹುಡುಗ ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುತ್ತಿತ್ತಂತೆ."

"ಖಾರ ಹೆಚ್ಚಾಗಿತ್ತೇನೋ" ಎಂದರು ಅಮ್ಮ.

ಸಂಜೆಯೊಳಗೆ ವಾರದ ಎಲ್ಲ ದಿನಗಳೂ ಖರ್ಚಾದವು. ಬುಧವಾರ ಪುರೋಹಿತ ಸಂಪತ್ ಕುಮಾರಾಚಾರ್ಯರದು. ಶುಕ್ರವಾರಕ್ಕೆ ಎರಡು ಮನೆ ಜಗಳಕ್ಕೆ ನಿಂತು, ಕೊನೆಗೆ ಹಗಲಿನದು ಒಬ್ಬರು, ರಾತ್ರಿಯದು ಒಬ್ಬರು ಎಂದು ಹಂಚಿಕೊಂಡರು. ದಿನ ಸಿಗದ ಮನೆಯವರು ಏಕಾದಶಿಯ ಫಲಾಹಾರ ಹಿಡಿದರು. ಅದೂ ತಪ್ಪಿದವರು, ಹುಡುಗ ಕೈತೊಳೆಯುತ್ತಿದ್ದದ್ದು ತಮ್ಮ ಬಾವಿಯಲ್ಲಿ ಎಂದರು. ಮಂತ್ರಿಗಳಿಗೆ ಇದ್ದ ಹೊಟ್ಟೆ ಒಂದೇ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ನಾನು ಅಡಿಗೆಮನೆಯಲ್ಲಿ ಅಮ್ಮನನ್ನು ಮೆಲ್ಲಗೆ ಕೇಳಿದೆ: "ನಿಜವೇನಮ್ಮ?"

"ಮೂವತ್ತೈದು ವರ್ಷದ ಹಿಂದಿನದು, ನಿಮ್ಮಜ್ಜಿಯ ಕಾಲ. ನಾನು ಈ ಮನೆಗೆ ಬಂದ ಮೇಲೆ ಮಂಗಳವಾರ ತಪ್ಪದೆ ಉಂಡವರು ನಿಮ್ಮಪ್ಪ ಒಬ್ಬರೇ."

ಮಾರನೆಯ ದಿನದಿಂದ ನಮ್ಮ ಜಗಲಿ ಜಗಲಿಯಾಗಿ ಉಳಿಯಲಿಲ್ಲ. ಬೆಳಕವಾಡಿಯ ಮೇಷ್ಟರು ವರ್ಗ ಕೇಳಲು ಬಂದರು. ಲೋಯರ್ ಸೆಕೆಂಡರಿಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದ ಮಗನನ್ನು ಕೈಹಿಡಿದುಕೊಂಡು ಒಬ್ಬ ತಂದೆ ಬಂದ. ಮಗನಿಗೂ ಆ ತಂದೆಯಷ್ಟೇ ಮೀಸೆಯಿತ್ತು. ಬ್ಲಫ್ಫಿನ ಪವರ್ ಹೌಸಿನಿಂದ ಬಂದವನೊಬ್ಬ, ಕರೆಂಟು ಹುಟ್ಟುವ ಜಾಗದಲ್ಲೇ ಇದ್ದರೂ ತನ್ನ ಅತ್ತೆಮನೆಗೆ ಕರೆಂಟಿಲ್ಲ ಎಂದ. "ಅವರು ವಿದ್ಯಾಮಂತ್ರಿಗಳಪ್ಪ, ಕರೆಂಟಿನವರಲ್ಲ" ಎಂದು ಅಪ್ಪ ಹೇಳಲಿಲ್ಲ. ಹಾಗೆ ಹೇಳಿದರೆ ಮಂತ್ರಿಗಳ ತೂಕ ಕಡಿಮೆಯಾಗುತ್ತಿತ್ತು. ಎಲ್ಲರಿಗೂ, "ಶ್ರೀರಂಗನ ಕಿವಿಗೆ ಹಾಕೋಣ" ಎಂದರು. ನಾಲ್ಕನೆಯ ದಿನಕ್ಕೆ ಅವರೇ ಅರ್ಧ ಮಂತ್ರಿಗಳಾಗಿದ್ದರು. ಸ್ನಾನದ ನೀರು ತಣ್ಣಗಿದ್ದರೆ ಅಮ್ಮನನ್ನು ಗದರದೆ, "ಪರಿಶೀಲಿಸತಕ್ಕದ್ದು" ಎನ್ನುತ್ತಿದ್ದರು.

ನಮಗೆ ಸೊಪ್ಪು ತಂದುಕೊಡುವ ಚಿಕ್ಕಮಾದಮ್ಮನೂ ಕುಕ್ಕೆ ಇಳಿಸಿ ಕೈಮುಗಿದಳು.

"ಸ್ವಾಮೇರಾ, ನಮ್ ಮೊಮ್ಮಗ್ಳು ನಾಕ್ನೇ ಕಿಲಾಸು ಮುಗುಸ್ಬುಟ್ಟು ಮನೇಲವ್ಳೆ. ಎಮ್ಮೆ ಮೇಸಕ್ ಓಗು ಅಂದ್ರೆ ಎಮ್ಮೆ ಮುಂದೇನೇ ಪಾಠ ಏಳ್ತಾಳೆ. ಎಮ್ಮೆ ಕಲ್ತು ಏನ್ ಮಾಡದು? ಎಣ್ಮಕ್ಳಿಗೊಂದು ಇಸ್ಕೂಲು ಮಾಡ್ಕೊಡಿ ಅಂತ ಮಂತ್ರಿಗೊಂದ್ ಮಾತೇಳಿ."

"ಮೊದಲನೆಯ ಮಾತೇ ಅದು" ಎಂದರು ಅಪ್ಪ, ಎದೆಯ ಮೇಲೆ ಕೈಯಿಟ್ಟು. "ಅವನು ಬರಲಿ. ಎಲೆ ಮುಂದೆ ಕೂತಿದ್ದಾಗಲೇ ಕೇಳುತ್ತೇನೆ. ನಮ್ಮ ಅನ್ನದ ಋಣ, ಇಲ್ಲ ಅನ್ನುವ ಹಾಗಿಲ್ಲ."

ಚಿಕ್ಕಮಾದಮ್ಮ ನನ್ನ ಕಡೆ ನೋಡಿ ನಕ್ಕಳು. ನಾನು ಯಥಾಪ್ರಕಾರ ತಲೆಯಾಡಿಸಿದೆ. ಅಪ್ಪನ ಮಾತಿನಲ್ಲಿ ಎಷ್ಟು ನಿಜವಿದೆಯೆಂದು ತಿಳಿಯದಿದ್ದರೂ, ಅದರ ತುದಿಯಲ್ಲಿ ಒಂದು ಸ್ಕೂಲು ನೇತಾಡುತ್ತಿತ್ತಲ್ಲ! ನನ್ನ ಬದಲು ಬಾಯಿಬಿಟ್ಟು ಕೇಳುವವರು ಒಬ್ಬರು ಸಿಕ್ಕಿದ್ದರು.

ಆ ವಾರದ ಕೊನೆಗೆ ಪುರಸಭೆಯ ಪ್ರೆಸಿಡೆಂಟ್ ಚೌಡಯ್ಯನವರು ಬಂದರು. ಕಿರುಗಾವಲಿನ ದೊಡ್ಡ ಜಮೀನುದಾರರು, ದನಿಯೂ ಜಮೀನಿನಷ್ಟೇ ವಿಶಾಲ. ಬೀದಿಯ ತುದಿಯಿಂದಲೇ ಮಾತು ಶುರುವಾಯಿತು.

"ಅಯ್ಯಂಗಾರ್ರೆ! ಎಂಥಾ ಜನ ಸ್ವಾಮಿ ನೀವು! ಇಷ್ಟ್ ವರ್ಸ ಬಾಯ್ ಬುಡದಂಗೆ ಇದ್ಬುಟ್ರಲ್ಲ!"

"ದೊಡ್ಡಸ್ತಿಕೆ ನಾವೇ ಹೇಳಿಕೊಳ್ಳಬಾರದು ನೋಡಿ" ಎಂದರು ಅಪ್ಪ, ಸಂಕೋಚದಿಂದ.

"ನಮ್ ಜನದ ಉಡ್ಗುನ್ನ ಒಳೀಕ್ ಕರ್ದು, ಪಂಕ್ತೀಲಿ ಕೂರ್ಸಿ ಉಣ್ಸುದ್ರಿ ಅಂದ್ರೆ, ಅದೂ ಆ ಕಾಲ್ದಲ್ಲಿ!"

ಅಪ್ಪನ ನಗೆ ಮುಖದ ಮೇಲೆ ಹಾಗೇ ಉಳಿಯಿತು, ಒಳಗಿನಿಂದ ಆಧಾರ ತಪ್ಪಿ. "ಯಾವ... ಜನದ?"

"ಸೀರಂಗಯ್ಯ ಒಕ್ಕಲಿಗ್ರೋನು ಕಣ್ ಸ್ವಾಮಿ! ನಮ್ ಮನೆಯೋಳ ಸೋದರಮಾವನ್ ಕಡೆ ಸಮ್ಮಂದ. ಇಲ್ಲಿ ಓದ್ವಾಗ ಎಲ್ಲುಣ್ತಿದ್ದ ಅಂತ ನಮ್ಗೂ ಗೊತ್ತಿರ್ನಿಲ್ಲ. ಮೊನ್ನೆ ನಿಮ್ ಇಸ್ಯ ಕೇಳ್ದಾಗ ನನ್ ಕಣ್ಣಲ್ ನೀರ್ ಬಂದ್ಬುಡ್ತು. ಕಾಂಗ್ರೆಸ್ನೋರು ಈಗ ಬಾಯಲ್ ಏಳದ್ನ ಈ ಅಗ್ರಾರ ಆಗ್ಲೇ ಮಾಡಿ ಮುಗ್ಸಿತ್ತು! ಅದೂ ಒಂದ್ ಮನೆಯಾ? ವಾರ ಪೂರ್ತಿ!"

ಎದುರುಮನೆಯ ಬಾಗಿಲು ಮೆಲ್ಲಗೆ ಮುಚ್ಚಿದ್ದು ಕೇಳಿಸಿತು. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

"ಬರೋ ಮಂಗಳವಾರ ಬ್ಲಫ್ಗೆ ಓಯ್ತಾ ಅವ್ರ್ ಇಲ್ಲಿಗ್ ಬತ್ತಾವ್ರೆ" ಎಂದರು ಚೌಡಯ್ಯ. "ಅಮಲ್ದಾರ್ರಿಗೆ ಏಳಿವ್ನಿ. ಊಟ ನಿಮ್ ಮನೇಲೇಯ. ಅದೇ ಜಾಗ, ಅದೇ ವಾರ! ಇನ್ನೇನ್ ಬೇಕು!"

ಅವರು ಹೋದ ಮೇಲೆ ಬೀದಿ ತನ್ನ ದಿನಗಳನ್ನು ಹಿಂದಿರುಗಿಸಲು ಹೊರಟಿತು. ಮೊದಲು ಬಂದವರು ಹೊಂಬಾಳಮ್ಮ.

"ಪಂಕಜಮ್ಮ, ನಮ್ಮತ್ತೆ ಗುರುವಾರ ಉಪವಾಸ ಇರುತ್ತಿದ್ದರು. ಒಲೆಯೇ ಹಚ್ಚುತ್ತಿರಲಿಲ್ಲ. ಇನ್ನು ಪುಳಿಯೋಗರೆ ಎಲ್ಲಿಂದ ಬಂತು?"

"ನೀವೇ ಹೇಳಿದಿರಲ್ಲ, ಕಣ್ಣಲ್ಲಿ ನೀರು ಹಾಕಿಕೊಂಡು ತಿಂದ ಅಂತ" ಎಂದರು ಅಮ್ಮ.

"ಅದು ಬೇರೆ ಹುಡುಗ ಕಣ್ರೀ. ಅವನು ಈಗ ಮಂತ್ರಿಯಾಗಿಲ್ಲ."

ಶುಕ್ರವಾರದ ಇಬ್ಬರಲ್ಲಿ ಹಗಲಿನವರು ಊಟ ಪೂರ್ತಿಯಾಗಿ ರಾತ್ರಿಯವರದೆಂದರು, ರಾತ್ರಿಯವರು ಹಗಲಿನವರದೆಂದರು. ಬಾವಿಯವರು ಆಗ ತಮ್ಮ ಮನೆಗೆ ಬಾವಿಯೇ ಇರಲಿಲ್ಲ ಎಂದರು. ಎಲ್ಲರೂ ಕಳಚಿಕೊಂಡ ಮೇಲೆ ಉಳಿದದ್ದು ಮಂಗಳವಾರ ಒಂದೇ. ಮಂತ್ರಿಗಳಾದವರು ಬಾಲ್ಯದಲ್ಲಿ ವಾರಕ್ಕೊಂದು ದಿನ ಮಾತ್ರ, ಅದೂ ನಮ್ಮ ಮನೆಯಲ್ಲಿ, ಉಂಡು ಬದುಕಿದ್ದರೆಂದಾಯಿತು.

ಹಿತ್ತಿಲಲ್ಲಿ ಅಮ್ಮ ಅಪ್ಪನನ್ನು ಹಿಡಿದರು.

"ನಿಜ ಹೇಳಿ. ಉಂಡಿದ್ದನೋ ಇಲ್ಲವೋ?"

"ಎಲ್ಲಿ ಬಂತು! ನಾನು ಅವನ ಮುಖವನ್ನೇ ನೋಡಿಲ್ಲ. ಬಾಯಿಗೆ ಬಂತು, ಹೇಳಿದೆ."

"ಹಾಗಾದರೆ ಹೋಗಿ ಬೀದಿಯಲ್ಲಿ ಹೇಳಿ."

"ಹೇಳಿದರೆ ಮಾನ ಹೋಗುತ್ತೆ ಕಣೇ."

"ಹೇಳದಿದ್ದರೆ ಮಡಿ ಹೋಗುತ್ತೆ."

ಎರಡರಲ್ಲಿ ಯಾವುದು ಹೋದರೆ ಮನೆಗೆ ನಷ್ಟ ಕಡಿಮೆ ಎಂದು ಅವರಿಬ್ಬರೂ ಬಹಳ ಹೊತ್ತು ವಿಚಾರ ಮಾಡಿದರು. ತೀರ್ಮಾನವಾಗದೆ ಸಂಪತ್ ಕುಮಾರಾಚಾರ್ಯರನ್ನು ಕರೆಸಿದರು. ಆಚಾರ್ಯರು ಬುಧವಾರವನ್ನು ಕೈಬಿಟ್ಟ ನಿರಾಳದಲ್ಲಿದ್ದರು.

"ಹುಡುಗ ಉಂಡಿದ್ದರೆ ಪಂಚಗವ್ಯ, ಹೋಮ, ಮನೆಶುದ್ಧಿ, ಎಲ್ಲ ಆಗಬೇಕು. ಉಣ್ಣದೇ ಇದ್ದರೆ ಏನೂ ಬೇಡ."

"ಸುಳ್ಳು ಹೇಳಿದ್ದಕ್ಕೆ ಪ್ರಾಯಶ್ಚಿತ್ತ ಬೇಡವೇ?" ಎಂದರು ಅಮ್ಮ.

"ಅದಕ್ಕೆಲ್ಲ ಮಾಡಿಸುತ್ತ ಹೋದರೆ ಈ ತಾಲ್ಲೂಕಿನ ಹಸುಗಳು ಸಾಲುವುದಿಲ್ಲ, ಪಂಕಜಮ್ಮ."

ಅಪ್ಪ ಮರುದಿನವೇ ಚೌಡಯ್ಯನವರಿಗೆ ನಿಜ ಹೇಳಿ ಬರುತ್ತೇನೆಂದು ಕೋಟು ತೊಟ್ಟು ಹೊರಟರು. ಆದರೆ ಪೇಟೆಯಲ್ಲಿ ರೈತರು ಗಾಡಿ ನಿಲ್ಲಿಸಿ ಕೈಮುಗಿದರು. ಅಂಗಡಿಯ ನಿಂಗಯ್ಯ ಎದ್ದುನಿಂತು, "ದ್ಯಾವ್ರಂತೋರು ಬಂದ್ರು, ಜಾಗ ಬುಡ್ರಲಾ!" ಎಂದು ಕೂಗಿದ. ಯಾರೋ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಮನೆಗೆ ಬಂದಾಗ ಹಾರ ಇತ್ತು, ನಿಜ ಅಪ್ಪನ ಹೊಟ್ಟೆಯಲ್ಲೇ ಇತ್ತು. ಅಂದಿನಿಂದ ಅವರು ಪೇಟೆಯಲ್ಲಿ ತಲೆಯೆತ್ತಿಯೂ ಅಗ್ರಹಾರದಲ್ಲಿ ತಲೆತಗ್ಗಿಸಿಯೂ ನಡೆಯತೊಡಗಿದರು. ಎರಡೂ ಕೂಡುವ ಮೂಲೆಯಲ್ಲಿ ಒಂದು ಕ್ಷಣ ನಿಂತು ತಲೆಯನ್ನು ಸರಿಮಾಡಿಕೊಳ್ಳುತ್ತಿದ್ದುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ.

ಊಟ ತಪ್ಪಿಸುವ ಹಾಗಿರಲಿಲ್ಲ, ಕಾರ್ಯಕ್ರಮದಲ್ಲಿ ಅಚ್ಚಾಗಿತ್ತು. ಒಳಗೆ ಕೂರಿಸುವ ಹಾಗೂ ಇರಲಿಲ್ಲ. ಆಚಾರ್ಯರು ದಿನಕ್ಕೆರಡು ಸಲ ಬಂದು ನಡುಮನೆಯನ್ನು ನೋಡಿಕೊಂಡು ಹೋಗುತ್ತಿದ್ದರು. ಅಪ್ಪ ಮನೆಯ ಮುಂದೆ ಚಪ್ಪರ ಹಾಕಿಸಿದರು. ಏಕೆಂದು ಚೌಡಯ್ಯ ಕೇಳಿದ್ದಕ್ಕೆ, "ಒಳಗೆ ವಿಪರೀತ ಸೆಕೆ" ಎಂದರು. ಡಿಸೆಂಬರ್ ತಿಂಗಳು, ಹಾಗೆನ್ನುವಾಗ ಅಪ್ಪ ಮಫ್ಲರ್ ಸುತ್ತಿಕೊಂಡಿದ್ದರು. ಚೌಡಯ್ಯನವರು ಪುಣ್ಯಾತ್ಮರು. "ಊರೋರೆಲ್ಲಾ ನೋಡ್ಲಿ ಅಂತ ತಾನೇ? ಭೇಷ್!" ಎಂದು ತಾವೇ ಅರ್ಥಮಾಡಿಕೊಂಡರು.

ಮಂಗಳವಾರ ಬಂತು. ಬೆಳಿಗ್ಗೆ ಸೊಪ್ಪಿನ ಜೊತೆ ಬಾಳೆಲೆಯನ್ನೂ ತಂದ ಚಿಕ್ಕಮಾದಮ್ಮ ಹೋಗದೆ ಚಪ್ಪರದ ಆಚೆ ಕುಳಿತಳು. ನಾನು ಅಪ್ಪನ ಹತ್ತಿರ ಹೋಗಿ ನಿಂತೆ.

"ಗೊತ್ತಮ್ಮ, ಗೊತ್ತು. ಸ್ಕೂಲು. ಮೊದಲನೆಯ ಮಾತೇ ಅದು" ಎಂದರು.

ಮದ್ದೂರಿನ ಕಡೆಯಿಂದ ಕಾರು ಬಂದು ನಿಂತಾಗ ಬೀದಿಯ ಬಾಗಿಲುಗಳೆಲ್ಲ ಅಂಗೈಯಗಲ ತೆರೆದವು. ಮಂತ್ರಿಗಳು ಗುಂಡಗೆ, ಗಿಡ್ಡಗೆ, ಖಾದಿಯ ಟೋಪಿಯಲ್ಲಿ ಇಳಿದರು. ಕಣ್ಣಿನಲ್ಲಿ ಏನೋ ತುಂಟತನ. ಹಿಂದೆ ಅಮಲ್ದಾರರು, ಮುಂದೆ ಚೌಡಯ್ಯನವರು.

"ಇವ್ರೇ ಕಣಣ್ಣ ಅಯ್ಯಂಗಾರ್ರು. ಗ್ಯಾಪ್ಕ ಬಂತಾ?"

ಮಂತ್ರಿಗಳು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದರು. ಅಪ್ಪ ಚಪ್ಪರದ ಕಂಬ ಹಿಡಿದುಕೊಂಡರು. ನಾನು ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಈಗ ಎಲ್ಲ ಮುಗಿಯಿತು, ಸ್ಕೂಲೂ ಮುಗಿಯಿತು.

"ನೆನಪಿಲ್ಲದೆ ಏನು!" ಎಂದರು ಮಂತ್ರಿಗಳು. "ಮಂಗಳವಾರದ ಊಟ ಮರೆಯುವಂಥದೇ?"

ಅಪ್ಪನ ಸುಳ್ಳಿಗೆ ಸರ್ಕಾರದ ಮೊಹರು ಬಿತ್ತು. ತಮ್ಮ ಮಾತು ನಿಜವಾಗಿಬಿಟ್ಟದ್ದನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆರಗಾದವರು ಅಪ್ಪನೇ. ಬಾಯಿ ತೆರೆದು ಮಂತ್ರಿಗಳನ್ನು ನೋಡಿದರು. ಅನಂತರ, 'ಇದ್ದರೂ ಇರಬಹುದು' ಎಂಬಂತೆ ತಮ್ಮನ್ನೇ ತಾವು ನೋಡಿಕೊಂಡರು. ಒಳಗಡೆ ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದಾಯಿತು.

"ಈ ಪ್ರವಾಸದಲ್ಲಿ ಎಲ್ಲೆಲ್ಲೂ ಹಳೆಯ ನೆನಪೇ" ಎಂದು ಮಂತ್ರಿಗಳು ಎಲೆಯ ಮುಂದೆ ಕುಳಿತರು. "ಮಂಡ್ಯದಲ್ಲಿ ನನಗೆ ಅನ್ನ ಹಾಕಿದ ಬೀದಿಯೇ ಸಿಕ್ಕಿತು. ಮದ್ದೂರಿನಲ್ಲಿ ಎರಡು ಮನೆ. ಆ ಎರಡು ಊರುಗಳಲ್ಲಿ ನಾನು ಓದಿಯೇ ಇಲ್ಲ, ಆದರೂ ಊಟ ಮಾಡಿದ್ದೇನೆ ನೋಡಿ!"

ಅಮಲ್ದಾರರು ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕರು. ಹೊಂಬಾಳಮ್ಮ ಎದುರು ಜಗಲಿಯಿಂದ ಧೈರ್ಯ ಮಾಡಿ ಕೂಗಿದರು: "ನಮ್ಮ ಮನೆಯಲ್ಲಿ ಅಲ್ಲ ತಾನೇ ಸ್ವಾಮಿ?"

ಮಂತ್ರಿಗಳು ಆ ಮನೆಯ ಕಡೆ ಬಹಳ ಪ್ರೀತಿಯಿಂದ ನೋಡಿದರು. "ಗುರುವಾರವಲ್ಲವೇ, ತಾಯಿ?"

ಹೊಂಬಾಳಮ್ಮ ನಿಂತಲ್ಲೇ ಕುಳಿತರು. ಚೌಡಯ್ಯ ಹೇಳಿಕೊಟ್ಟಿದ್ದರೋ, ಅಂದಾಜಿಗೆ ಬಿಟ್ಟರೋ, ಯಾರಿಗೂ ತಿಳಿಯಲಿಲ್ಲ. ಆಚಾರ್ಯರು ಮಾತ್ರ ಬುಧವಾರದ ಸುದ್ದಿ ಬರುವ ಮೊದಲೇ ಸಂಜೆಯ ಸಂಧ್ಯಾವಂದನೆಗೆ ಹೊತ್ತಾಯಿತೆಂದು ಎದ್ದುಹೋದರು. ಆಗಿನ್ನೂ ನಡುಮಧ್ಯಾಹ್ನ.

ಊಟ ನಡೆಯಿತು. ನಾನು ಬಡಿಸಿದೆ. ಪಾಯಸಕ್ಕೆ ಬಂದಾಗ ಮಂತ್ರಿಗಳು ಕೈಯೊರಸಿಕೊಂಡು ಅಪ್ಪನತ್ತ ತಿರುಗಿದರು.

"ಅಯ್ಯಂಗಾರ್ಯರೇ, ಅನ್ನದ ಋಣ ದೊಡ್ಡದು. ನನ್ನಿಂದ ಏನಾಗಬೇಕು, ಕೇಳಿ."

ಪಾಯಸದ ಪಾತ್ರೆ ಹಿಡಿದು ನಾನು ಬಾಗಿಲಲ್ಲಿ ನಿಂತೆ. ಚಿಕ್ಕಮಾದಮ್ಮ ಎದ್ದುನಿಂತಳು. ಅಪ್ಪ ಗಂಟಲು ಸರಿಮಾಡಿಕೊಂಡರು.

"ನನಗೇನೂ ಬೇಡ. ಒಂದೇ ಒಂದು ಬೇಡಿಕೆ."

"ಹೇಳಿ."

"ಒಂದು ಕಲ್ಲು."

"ಕಲ್ಲೇ?"

"ಈ ಗೋಡೆಗೆ. 'ಸನ್ಮಾನ್ಯ ವಿದ್ಯಾಮಂತ್ರಿಗಳು ಬಾಲ್ಯದಲ್ಲಿ ಮಂಗಳವಾರಗಳಂದು ಈ ಗೃಹದಲ್ಲಿ ಭೋಜನ ಸ್ವೀಕರಿಸುತ್ತಿದ್ದರು.' ಕೆಳಗೆ ನನ್ನ ಹೆಸರು, ಸಣ್ಣಕ್ಷರದಲ್ಲಿ."

"ಎಂಥಾ ಮನ್ಸ ಸ್ವಾಮಿ! ತನ್ಗೇ ಅಂತ ಏನೂ ಕೇಳ್ನಿಲ್ಲ ನೋಡಿ!" ಎಂದು ಚೌಡಯ್ಯ ಚಪ್ಪಾಳೆ ತಟ್ಟಿದರು. ಅಮಲ್ದಾರರು ಕಲ್ಲನ್ನು ಗುರುತು ಹಾಕಿಕೊಂಡರು. ಮಂತ್ರಿಗಳು ನಗುತ್ತ, "ಆಗಲಿ, ಆಗಲಿ" ಎಂದು ಕೈತೊಳೆಯಲು ಎದ್ದರು. ಡ್ರೈವರು ಕಾರಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ. ಚಿಕ್ಕಮಾದಮ್ಮ ಖಾಲಿ ಕುಕ್ಕೆಯನ್ನು ತಲೆಗೇರಿಸಿಕೊಂಡು, ಯಾರನ್ನೂ ಬಯ್ಯದೆ, ಬೀದಿಯ ಕಡೆ ಹೊರಟಳು. ನನ್ನತ್ತ ನೋಡಲೂ ಇಲ್ಲ.

"ಸ್ವಾಮಿ" ಎಂದು ಯಾರೋ ಕರೆದರು.

ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ಅಪ್ಪ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿ ಬೇಡ ಬೇಡ ಎಂದರು. ಅಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದವರು, ಯಾಕೋ ಬಿಟ್ಟುಬಿಟ್ಟರು.

"ಏನಮ್ಮ?" ಎಂದರು ಮಂತ್ರಿಗಳು.

"ನೀವು ನಮ್ಮ ಮನೆಯಲ್ಲಿ ಯಾವತ್ತೂ ಉಂಡಿಲ್ಲ. ಬಂದಿದ್ದರೂ ನಾವು ಒಳಗೆ ಕರೆಯುತ್ತಿರಲಿಲ್ಲ. ಇವತ್ತೂ ಕರೆಯಲಿಲ್ಲ, ನೋಡಿ, ಚಪ್ಪರದಲ್ಲೇ ಕೂರಿಸಿದೆವು. ನಮ್ಮ ಋಣ ನಿಮ್ಮ ಮೇಲೆ ಏನೂ ಇಲ್ಲ. ಆದರೂ ಈ ಊರಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ಹುಡುಗಿಯರಿಗೆ ಮುಂದೆ ಸ್ಕೂಲಿಲ್ಲ. ಅದು ಬೇಕು."